ಐದನೇ ಸೆಮಿಸ್ಟರಿನ ಹೊತ್ತಿಗೆ ಜೊತೆಗೊಬ್ಬರು

ಬಿ.ಎಸ್ಸಿ. ಓದುವ ಮಕ್ಕಳಿಗೆ ‘ಮುಂದೇನು?’ ಎಂಬ ಪ್ರಶ್ನೆ ಗಟ್ಟಿಯಾಗಿ ಎದುರಾಗುವುದು ಸಾಮಾನ್ಯವಾಗಿ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಮುಗಿದು, ಸಹಿ ಬಿದ್ದ ರೆಕಾರ್ಡ್ ಪುಸ್ತಕ ಮನೆಯ ಅಟ್ಟ ಸೇರಿದ ಮೇಲೆ. ಅಷ್ಟು ಹೊತ್ತಿಗೆ ಹಲವು ಬಾಗಿಲುಗಳು ಆ ವರ್ಷದ ಮಟ್ಟಿಗೆ ಮುಚ್ಚಿಹೋಗಿರುತ್ತವೆ. ಐಐಟಿಗಳ ಎಂ.ಎಸ್ಸಿ.ಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ದಾರಿಯಾದ ‘ಜಾಮ್’ ಪರೀಕ್ಷೆಗೆ ಅರ್ಜಿ ಕರೆಯುವುದು ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಬೇಕೆಂದರೆ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹೋಗಿರಬೇಕು. ಟಿಐಎಫ್‌ಆರ್ ಪ್ರವೇಶ ಪರೀಕ್ಷೆ ಡಿಸೆಂಬರಿನಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ-ಪಿಜಿ ಅರ್ಜಿಯೂ ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆಯೇ ಮುಗಿದಿರುತ್ತದೆ. ಅಂದರೆ ಹುಡುಗ ಹುಡುಗಿಯರು ಇಂಟರ್ನಲ್ಸ್, ಅಸೈನ್‌ಮೆಂಟ್, ಹಾಜರಾತಿ ಎಂದು ಓಡಾಡುತ್ತಿರುವ ಐದನೇ ಸೆಮಿಸ್ಟರಿನಲ್ಲಿಯೇ ಅವರ ಮುಂದಿನ ಐದಾರು ವರ್ಷಗಳು ತೀರ್ಮಾನವಾಗುತ್ತಿರುತ್ತವೆ. ಅದು ಅವರಿಗೇ ಗೊತ್ತಿರುವುದಿಲ್ಲ.

ಗೊತ್ತಿರುವವರೂ ಇದ್ದಾರೆ. ಅಪ್ಪ ಪ್ರಾಧ್ಯಾಪಕರಾಗಿದ್ದರೆ, ಅಕ್ಕ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದರೆ, ಈ ತಾರೀಖುಗಳು ಊಟದ ಮಾತಿನ ನಡುವೆಯೇ ಕಿವಿಗೆ ಬಿದ್ದಿರುತ್ತವೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬೆಳಿಗ್ಗೆ ಏಳರ ಬಸ್ಸಿಗೆ ಬರುವ, ಮನೆಯಲ್ಲಿ ಡಿಗ್ರಿ ಕಾಣುತ್ತಿರುವ ಮೊದಲ ತಲೆಮಾರಿನ ವಿದ್ಯಾರ್ಥಿನಿಗೆ ಅವನ್ನು ಹೇಳುವವರು ಯಾರು? ಇಂಥ ಕಾಲೇಜುಗಳು ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚಿವೆ. ವಿಜ್ಞಾನ ಓದಿ ಕೆಲಸದಲ್ಲಿರುವ ಸಾವಿರಾರು ಜನ ತಿಂಗಳಿಗೊಂದೆರಡು ಗಂಟೆಯನ್ನು, ಒಂದು ವರ್ಷದ ಮಟ್ಟಿಗೆ, ಇಂಥ ಒಬ್ಬ ವಿದ್ಯಾರ್ಥಿಗೆ ಎತ್ತಿಟ್ಟರೆ ಆಗುವ ಉಪಯೋಗ ನೂರು ಸ್ಫೂರ್ತಿದಾಯಕ ಭಾಷಣಗಳಿಂದಲೂ ಆಗದು ಎಂಬುದು ನನ್ನ ವಾದ. ಏಕೆಂದರೆ ಈ ಮಕ್ಕಳಿಗೆ ಕೊರತೆ ಇರುವುದು ಆಸೆಯದ್ದಲ್ಲ, ಬುದ್ಧಿಯದ್ದೂ ಅಲ್ಲ. ವಿಜ್ಞಾನವೆಂಬ ವೃತ್ತಿಯೊಳಗೆ ಹೋಗುವ ಕ್ರಮ ಗೊತ್ತಿಲ್ಲ, ಅಷ್ಟೆ. ಆ ಕ್ರಮವನ್ನು ಒಳಗಿರುವವರೇ ಹೇಳಿಕೊಡಬೇಕು, ಅದೂ ಹೊತ್ತು ಮೀರುವ ಮುನ್ನ.

ಕ್ರಮ ಎಂಬ ಸಣ್ಣ ಸಂಗತಿ ಎಷ್ಟು ದೊಡ್ಡವರನ್ನೂ ಕಾಡಬಲ್ಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಸಾಕ್ಷಿ ಇದೆ. ಬಿ.ಎಸ್ಸಿ. ಆನರ್ಸ್ ಮುಗಿಸಿದ ಅನ್ನಾ ಮಣಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಕೆಲಸ ಮಾಡಿ ಐದು ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ. ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದಾಗ, ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಲಿಲ್ಲ. ಐದು ವರ್ಷದ ಕೆಲಸದಲ್ಲಿ ಕೊರತೆ ಇರಲಿಲ್ಲ, ಕಾಗದ ಒಂದರ ಕೊರತೆ ಇತ್ತು. ಆಮೇಲೆ ಅವರು ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾದರು, ದೇಶದಲ್ಲೇ ಹವಾಮಾನ ಉಪಕರಣಗಳನ್ನು ತಯಾರಿಸುವ ವ್ಯವಸ್ಥೆ ಕಟ್ಟಿದರು; ಪದವಿ ಇಲ್ಲದಿದ್ದರೂ ಅವರ ಬದುಕು ನಿಲ್ಲಲಿಲ್ಲ. ಅವರಂಥ ಗಟ್ಟಿತನ ಎಲ್ಲರಲ್ಲೂ ಇರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ನೊಬೆಲ್ ಪುರಸ್ಕೃತರ ಪ್ರಯೋಗಾಲಯದಲ್ಲಿದ್ದವರಿಗೇ ನಿಯಮವೊಂದು ಹೀಗೆ ಅಡ್ಡ ಬಂತೆಂದರೆ, ಯಾವ ಪ್ರಯೋಗಾಲಯದ ಪರಿಚಯವೂ ಇಲ್ಲದ ಹುಡುಗಿಯ ಪಾಡೇನು?

ಇಂದು ಆ ನಿಯಮಗಳು ಇನ್ನಷ್ಟು ಗೋಜಲಾಗಿವೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಇತ್ತ ಯುಜಿಸಿ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇರುವವರು ನೇರವಾಗಿ ಪಿಎಚ್.ಡಿ.ಗೆ ಅರ್ಹರು. ಒಂದೇ ಕಾಲೇಜಿನ ಹಿರಿಯ ವಿದ್ಯಾರ್ಥಿಗೆ ಅನ್ವಯಿಸಿದ್ದು ಕಿರಿಯರಿಗೆ ಅನ್ವಯಿಸುವುದಿಲ್ಲ. ಜಾಮ್ ಬರೆದು ಒಳ್ಳೆಯ ರ್‍ಯಾಂಕ್ ಬಂದರೂ ತಾನಾಗಿ ಸೀಟು ಬರುವುದಿಲ್ಲ. ಐಐಟಿಗಳಿಗೆ ಒಂದು ಅರ್ಜಿ, ಭಾರತೀಯ ವಿಜ್ಞಾನ ಸಂಸ್ಥೆಗೆ ಬೇರೆಯದೇ ಅರ್ಜಿ, ಆಮೇಲೆ ಸಂದರ್ಶನ. ಇದೆಲ್ಲಕ್ಕಿಂತ ಹೆಚ್ಚು ಜನರನ್ನು ಎಡವಿಸುವುದು ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಪಡೆದ 2ಎ ಅಥವಾ 3ಬಿ ಪ್ರಮಾಣಪತ್ರ ರಾಜ್ಯದ ಕೆಲಸಗಳಿಗೆ ನಡೆಯುತ್ತದೆ, ಕೇಂದ್ರದ ಸಂಸ್ಥೆಗಳಿಗೆ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರ ನಮೂನೆಯ, ‘ಕೆನೆಪದರಕ್ಕೆ ಸೇರಿಲ್ಲ’ ಎಂದು ತಹಶೀಲ್ದಾರರು ಕೊಡುವ ಒಬಿಸಿ ಪ್ರಮಾಣಪತ್ರ, ಅದೂ ಇತ್ತೀಚಿನದು. ರಾಜ್ಯದ ಪಟ್ಟಿಯಲ್ಲಿರುವ ಸಮುದಾಯ ಕೇಂದ್ರದ ಪಟ್ಟಿಯಲ್ಲಿ ಇರಲೇಬೇಕೆಂದೂ ಇಲ್ಲ. ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಕೂತು ಹಳೆಯ ಪ್ರಮಾಣಪತ್ರವನ್ನೇ ಸ್ಕ್ಯಾನ್ ಮಾಡಿ ಏರಿಸಿದ ಹುಡುಗನಿಗೆ ತಪ್ಪು ತಿಳಿಯುವುದು ಸೀಟು ಹಂಚಿಕೆಯ ಹೊತ್ತಿಗೆ. ಆಗಸ್ಟಿನಲ್ಲಿ ಯಾರಾದರೂ ‘ನಿನ್ನ ಸರ್ಟಿಫಿಕೇಟ್ ಯಾವ ನಮೂನೆಯದ್ದು, ಫೋಟೋ ಕಳಿಸು’ ಎಂದು ಕೇಳಿದ್ದರೆ ಸಾಕಿತ್ತು.

ಇನ್ನು ಬಯೋಡೇಟಾ. ನಮ್ಮ ಪದವಿ ವಿದ್ಯಾರ್ಥಿಗಳು ತಯಾರಿಸುವ ಬಯೋಡೇಟಾಗಳಿಗೆ ಹೆಚ್ಚುಕಡಿಮೆ ಒಂದೇ ಮುಖ. ತಂದೆಯ ಹೆಸರು, ಹುಟ್ಟಿದ ದಿನಾಂಕ, ಧರ್ಮ, ಬಲ್ಲ ಭಾಷೆಗಳು, ಹವ್ಯಾಸದ ಜಾಗದಲ್ಲಿ ‘ಹಾಡು ಕೇಳುವುದು’, ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ ಮತ್ತು ಸ್ಥಳ, ದಿನಾಂಕ, ಸಹಿ. ಆ ಹುಡುಗಿ ಮೂರು ವರ್ಷ ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದರ ಸುಳಿವೇ ಅದರಲ್ಲಿ ಇರುವುದಿಲ್ಲ. ಅವಳು ಬ್ಯುರೆಟ್ ಹಿಡಿದು ಟೈಟ್ರೇಶನ್ ಮಾಡಿದ್ದಾಳೆ, ಕಾಗದದ ಕ್ರೊಮ್ಯಾಟೊಗ್ರಫಿಯಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ್ದಾಳೆ, ಬೇರುತುದಿಯ ಕೋಶವಿಭಜನೆಯ ಸ್ಲೈಡ್ ಮಾಡಿದ್ದಾಳೆ, ಎರಡು ಸಲ ಬಂದ ಉತ್ತರ ಹೊಂದದಿದ್ದಾಗ ಮೂರನೇ ಸಲ ಮಾಡಿ ನೋಡಿದ್ದಾಳೆ. ಇವೆಲ್ಲ ‘ಕೌಶಲ’ ಎನ್ನಿಸಿಕೊಳ್ಳುತ್ತವೆ ಎಂಬ ಕಲ್ಪನೆಯೇ ಅವಳಿಗಿಲ್ಲ. ಅವು ಅವಳ ಪಾಲಿಗೆ ಬರೀ ಸಿಲಬಸ್. ವಿಜ್ಞಾನಿಯೊಬ್ಬರಿಗೆ ಬೇಸಿಗೆ ತರಬೇತಿ ಕೇಳಿ ಬರೆಯುವ ಮಿಂಚಂಚೆಯೂ ಹಾಗೆಯೇ. ‘ರೆಸ್ಪೆಕ್ಟೆಡ್ ಸರ್ ಆರ್ ಮೇಡಂ’ ಎಂದು ಶುರುವಾಗಿ ನಲವತ್ತು ಜನಕ್ಕೆ ಒಟ್ಟಿಗೆ ಹೋಗುತ್ತದೆ, ಯಾರೂ ಉತ್ತರಿಸುವುದಿಲ್ಲ, ‘ದೊಡ್ಡ ಸಂಸ್ಥೆಯವರು ನಮ್ಮಂಥವರಿಗೆ ಉತ್ತರ ಬರೆಯುವುದಿಲ್ಲ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ನಿಮ್ಮ ಇಂಥ ಕೆಲಸದ ಬಗ್ಗೆ ಓದಿದೆ, ಇಂಥದ್ದು ನನಗೆ ಬರುತ್ತದೆ, ಇಷ್ಟು ವಾರ ಬರಬಲ್ಲೆ ಎಂದು ಒಬ್ಬರ ಹೆಸರಿಗೇ ನಾಲ್ಕು ಸಾಲು ಬರೆಯಬೇಕು ಎನ್ನುವುದು ಒಳಗಿನವರಿಗೆ ಎಷ್ಟು ಸಹಜವೆಂದರೆ, ಅದು ಹೇಳಿಕೊಡಬೇಕಾದ ವಿಷಯ ಎಂದೇ ಅವರಿಗೆ ಹೊಳೆಯುವುದಿಲ್ಲ. ಸ್ವಯಂಸೇವಕ ಮಾರ್ಗದರ್ಶಿಯ ಕೆಲಸದ ಬಹುಪಾಲು ಇಂಥದ್ದೇ. ಕರಡು ಓದಿ, ತಿದ್ದಿ, ಮತ್ತೆ ಬರೆಸುವುದು.

ಇದಕ್ಕೆ ಮೊದಲ ಆಕ್ಷೇಪ ಬರುವುದು ಮೊಬೈಲ್ ಹಿಡಿದವರಿಂದ: ಎಲ್ಲವೂ ಇಂಟರ್ನೆಟ್ಟಿನಲ್ಲಿದೆ, ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಅರೆಗಳಿಗೆಯಲ್ಲಿ ಹೇಳುತ್ತದೆ, ಮನುಷ್ಯ ಏಕೆ? ಮಾಹಿತಿ ಇದ್ದರೆ ಸಾಕೇ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿಯೇ ನೋಡಿದ್ದಾರೆ. ಬಡ ಮನೆಗಳ ಪ್ರತಿಭಾವಂತರು ಒಳ್ಳೆಯ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುವುದಿಲ್ಲ ಎಂದು ಗಮನಿಸಿದ ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಸಾರಾ ಟರ್ನರ್, ತಲಾ ಸುಮಾರು 6 ಡಾಲರ್ ಖರ್ಚಿನಲ್ಲಿ ಮಾಹಿತಿಯ ಲಕೋಟೆ ಕಳಿಸಿ ಒಳ್ಳೆಯ ಫಲ ಕಂಡರು. ಅದೇ ಬಗೆಯ ಮಾಹಿತಿಯನ್ನು ಕಾಲೇಜ್ ಬೋರ್ಡ್ ಸಂಸ್ಥೆ ಲಕ್ಷಗಟ್ಟಲೆ ವಿದ್ಯಾರ್ಥಿಗಳಿಗೆ ತಲುಪಿಸಿದಾಗ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ‘ನಿನಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕ ಇಲ್ಲ’ ಎಂದು ಹೆಸರು ಬರೆದು ಖಚಿತವಾಗಿ ಪತ್ರ ಕಳಿಸಿತು. ಪತ್ರ ಪಡೆದವರಲ್ಲಿ ಶೇ 68 ಮಂದಿ ಅರ್ಜಿ ಹಾಕಿದರು, ಪಡೆಯದವರಲ್ಲಿ ಶೇ 26. ಅವರಲ್ಲಿ ಬಹುತೇಕರಿಗೆ ಹೇಗೂ ಆ ನೆರವು ಸಿಗುತ್ತಿತ್ತು ಎಂಬುದು ಇಲ್ಲಿ ಮುಖ್ಯ. ಹಣ ಹೆಚ್ಚಾಗಲಿಲ್ಲ, ‘ಇದು ನಿನಗೇ ಹೇಳಿದ್ದು’ ಎಂಬ ಭರವಸೆ ಹೆಚ್ಚಾಯಿತು. ಎರಿಕ್ ಬೆಟಿಂಜರ್ ಮತ್ತು ರೇಚಲ್ ಬೇಕರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯವಾಗಿ ಫೋನಿನಲ್ಲೇ ವಿದ್ಯಾರ್ಥಿಗಳನ್ನು ವಿಚಾರಿಸಿಕೊಳ್ಳುತ್ತಿದ್ದ ತರಬೇತುದಾರರಿದ್ದ ಕಡೆ ಓದು ಮುಂದುವರಿಸಿದವರ ಪ್ರಮಾಣ ಸುಮಾರು ಶೇಕಡಾ ಐದು ಅಂಶ ಹೆಚ್ಚಿತ್ತು. ನಮ್ಮ ನೆಲಕ್ಕೆ ಈ ಅಂಕಿಗಳು ಹಾಗೆಯೇ ಹೊಂದುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಯಾರಿಗೋ ಬರೆದಿಟ್ಟ ಮಾಹಿತಿಗೂ ತನಗೆಂದೇ ಹೇಳಿದ ಮಾತಿಗೂ ಇರುವ ಅಂತರ ನಮ್ಮಲ್ಲಿ ಇನ್ನೂ ಹೆಚ್ಚೇ ಇರಬೇಕು. ಯಂತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನು ಕೇಳಬೇಕೆಂದೇ ಗೊತ್ತಿಲ್ಲದವರ ಕಷ್ಟ ಬೇರೆ. ಪಿಎಚ್.ಡಿ. ಮಾಡಲು ತಾನು ಹಣ ಕಟ್ಟಬೇಕು ಎಂದು ನಂಬಿದವಳು, ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ ಬರುತ್ತದೆಯೇ ಎಂದು ಹುಡುಕುವುದಾದರೂ ಹೇಗೆ?

ಭಾಷಣಗಳನ್ನು ನಾನು ಕಡೆಗಣಿಸುತ್ತಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡ ನಾಡಿನಲ್ಲಿ ವಿಜ್ಞಾನದ ಹಸಿವನ್ನು ಹುಟ್ಟಿಸಿದವು. ಆ ಹಸಿವು ಇಲ್ಲದಿದ್ದರೆ ಈ ಮಾತಿಗೇ ಅರ್ಥವಿಲ್ಲ. ಹಸಿದವರಿಗೆ ಪಂಕ್ತಿಯಲ್ಲಿ ಜಾಗ ತೋರಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ. ರಾಷ್ಟ್ರೀಯ ವಿಜ್ಞಾನ ದಿನದಂದು ಮುನ್ನೂರು ಮಕ್ಕಳ ಮುಂದೆ ಮಾತಾಡಿ, ಹಾರ ಹಾಕಿಸಿಕೊಂಡು, ಕಾರು ಹತ್ತಿ ಹೋಗುವ ಗಣ್ಯರಿಂದ ಅದು ಆಗುವುದಿಲ್ಲ.

ಹಾಗಾದರೆ ಯಾರಿಂದ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ನಾಲ್ಕು ಹೆಜ್ಜೆ ಮುಂದಿರುವವರಿಂದ. ಪಿಎಚ್.ಡಿ.ಯ ಎರಡನೇ ವರ್ಷದಲ್ಲಿರುವವಳು, ನಂಜನಗೂಡಿನದೋ ಬೊಮ್ಮಸಂದ್ರದ್ದೋ ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಎಚ್‌ಪಿಎಲ್‌ಸಿ ಯಂತ್ರದ ಮುಂದೆ ನಿಲ್ಲುವ ಕೆಮಿಸ್ಟ್, ಬಿ.ಎಸ್ಸಿ. ಮೇಲೆಯೇ ಅಣು ವಿದ್ಯುತ್ ನಿಗಮದ ತರಬೇತಿಗೆ ಸೇರಿ ಈಗ ಕೈಗಾದಲ್ಲಿ ವೈಜ್ಞಾನಿಕ ಸಹಾಯಕರಾಗಿರುವವರು, ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನ ಓದಿ ಹೊರಬಂದವರು. ಪ್ರಸಿದ್ಧ ವಿಜ್ಞಾನಿಗೆ ತಾನು ಅರ್ಜಿ ಬರೆದ ಕಾಲ ಮರೆತುಹೋಗಿರುತ್ತದೆ, ನಿಯಮಗಳೂ ಬದಲಾಗಿರುತ್ತವೆ. ಇವರಿಗೆ ಅದು ಮೊನ್ನೆಯ ಮಾತು. ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೆಚ್ಚು ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು ಎಂಬುದು ಅವರ ತರ್ಕ. ಊರು, ಕೇರಿ, ನೆಂಟರಿಷ್ಟರ ಬಳಗದಲ್ಲಿ ವಿಜ್ಞಾನದ ಕೆಲಸದಲ್ಲಿ ಒಬ್ಬರೂ ಇಲ್ಲದ ವಿದ್ಯಾರ್ಥಿಗೆ ಮಾರ್ಗದರ್ಶಿಯೇ ಆ ಹೊರಗಿನ ಪರಿಚಯ.

ಹುಡುಗಿಯರ ಮಟ್ಟಿಗೆ ಈ ಮಾತಿಗೆ ಇನ್ನೂ ತೂಕವಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಸಮೀಕ್ಷೆಯ ಪ್ರಕಾರ ದೇಶದ ಉನ್ನತ ಶಿಕ್ಷಣದಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದವರು 57.2 ಲಕ್ಷ, ಅವರಲ್ಲಿ 29.8 ಲಕ್ಷ ಹೆಣ್ಣುಮಕ್ಕಳು, ಅರ್ಧಕ್ಕಿಂತ ಹೆಚ್ಚು. ಸಂಶೋಧನೆಯಲ್ಲಿ ನೇರವಾಗಿ ತೊಡಗಿದವರ ಲೆಕ್ಕಕ್ಕೆ ಬಂದರೆ ಐವರಲ್ಲಿ ಒಬ್ಬರೂ ಹೆಣ್ಣಲ್ಲ. ನಡುವಿನ ಸೋರಿಕೆಗೆ ಮದುವೆ, ಹಾಸ್ಟೆಲಿನ ಭಯ, ಹತ್ತಿರದ ಬಿ.ಇಡಿ. ಕಾಲೇಜಿನ ಸುರಕ್ಷಿತ ದಾರಿ ಎಂದು ಹತ್ತು ಕಾರಣಗಳಿವೆ, ಮಾರ್ಗದರ್ಶಿಯೊಬ್ಬರು ಅವನ್ನೆಲ್ಲ ನಿವಾರಿಸಲಾರರು. ಆದರೂ ತಾರಾ ಡೆನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿನಿಯರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಕಣ್ಣು ತೆರೆಸುವಂಥದ್ದು. ಮೇಲಿನ ತರಗತಿಯ ಹುಡುಗಿಯೊಬ್ಬಳು ಮಾರ್ಗದರ್ಶಿಯಾಗಿದ್ದವರಲ್ಲಿ ಮೊದಲ ವರ್ಷದ ಕೊನೆಗೆ ಒಬ್ಬರೂ ವಿಷಯ ಬಿಡಲಿಲ್ಲ. ಮಾರ್ಗದರ್ಶಿಯೇ ಇಲ್ಲದವರಲ್ಲಿ ಶೇ 11, ಹುಡುಗರು ಮಾರ್ಗದರ್ಶಿಯಾಗಿದ್ದವರಲ್ಲಿ ಶೇ 18 ಮಂದಿ ಬಿಟ್ಟರು. ಉಳಿದವರನ್ನು ಉಳಿಸಿದ್ದು ‘ನಾನು ಇಲ್ಲಿಗೆ ಸಲ್ಲುವವಳು’ ಎಂಬ ಭಾವನೆ ಮತ್ತು ಆತ್ಮವಿಶ್ವಾಸ ಎಂದು ಸಂಶೋಧಕಿಯರು ಕಂಡರು. ಸಣ್ಣ ಅಧ್ಯಯನವೇ ಸರಿ, ನೂರೈವತ್ತು ಹುಡುಗಿಯರ ಮೇಲೆ ನಡೆದದ್ದು. ಆದರೂ ವಿಜ್ಞಾನದ ಕೆಲಸದಲ್ಲಿರುವ ನಮ್ಮ ಹೆಣ್ಣುಮಕ್ಕಳು ‘ನಾನೇನು ದೊಡ್ಡ ಸಾಧಕಿಯಲ್ಲ, ನಾನೇನು ಹೇಳಲಿ’ ಎಂದು ಹಿಂಜರಿಯಬಾರದು ಎನ್ನಲು ಅಷ್ಟು ಸಾಕು.

ಎರಡನೇ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಎತ್ತುವವರ ಕಾಳಜಿಯೂ ನಿಜವಾದದ್ದು. ಇದು ಕಾಲೇಜಿನ ಕೆಲಸ, ಸರ್ಕಾರದ ಜವಾಬ್ದಾರಿ. ಹುದ್ದೆಗಳನ್ನು ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಕಾಲೇಜು ನಡೆಸುತ್ತಿರುವಾಗ ಸ್ವಯಂಸೇವಕರು ಬಂದು ನಿಂತರೆ ಸರ್ಕಾರ ಇನ್ನಷ್ಟು ಕೈಚೆಲ್ಲುವುದಿಲ್ಲವೇ? ಕಾಯಂ ಅಧ್ಯಾಪಕರ ನೇಮಕಾತಿಗೆ ಬದಲಿ ಎಂದು ಇದನ್ನು ಯಾರಾದರೂ ತೋರಿಸಿದರೆ ನಾನೂ ವಿರೋಧಿಸುತ್ತೇನೆ. ಸ್ವಯಂಸೇವಕರು ಪಾಠ ಮಾಡಬಾರದು, ಅಧ್ಯಾಪಕರ ಜಾಗಕ್ಕೆ ಕೈ ಹಾಕಬಾರದು. ಕಾಲೇಜುಗಳಲ್ಲಿ ‘ಮೆಂಟರ್-ಮೆಂಟೀ’ ವ್ಯವಸ್ಥೆ ಈಗಲೂ ಇದೆ, ನ್ಯಾಕ್ ಮೌಲ್ಯಮಾಪನಕ್ಕೆ ಅದರ ಅನುಪಾತದ ಲೆಕ್ಕ ಕೊಟ್ಟದ್ದೂ ಇದೆ. ಒಬ್ಬ ಅಧ್ಯಾಪಕರಿಗೆ ಹತ್ತಾರು ಮಕ್ಕಳನ್ನು ಹಂಚಿದಾಗ ಫೈಲು ತುಂಬುತ್ತದೆ, ಮಾತುಕತೆಗೆ ಹೊತ್ತು ಸಿಗುವುದಿಲ್ಲ; ಅದರಲ್ಲಿ ಅಧ್ಯಾಪಕರ ತಪ್ಪು ಹುಡುಕುವುದು ಅನ್ಯಾಯ. ಅದಿರಲಿ, ಹುದ್ದೆಗಳೆಲ್ಲ ಭರ್ತಿಯಾದರೂ ಒಂದು ಕೊರತೆ ಉಳಿಯುತ್ತದೆ. ಓದಿ, ನೆಟ್ ಅಥವಾ ಸ್ಲೆಟ್ ಮುಗಿಸಿ ಬೋಧನೆಗೆ ಬಂದ ಅಧ್ಯಾಪಕರು ಔಷಧ ಕಾರ್ಖಾನೆಯ ಶಿಫ್ಟ್ ಹೇಗಿರುತ್ತದೆ, ನ್ಯಾಯವಿಜ್ಞಾನ ಪ್ರಯೋಗಾಲಯದಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಹೇಳುವುದು ಹೇಗೆ? ಅದನ್ನು ಅಲ್ಲಿರುವವರೇ ಹೇಳಬೇಕು. ಅಧ್ಯಾಪಕರಿಗೆ ಮಗುವಿನ ಪರಿಚಯವಿದೆ, ಹೊರಗಿನವರಿಗೆ ಕೆಲಸದ ಪರಿಚಯವಿದೆ. ಇಬ್ಬರೂ ಸೇರಿದಾಗಲೇ ಸಲಹೆ ಸರಿಯಾದ ಕಡೆ ಬೀಳುತ್ತದೆ. ಹಾಗಾಗಿ ಮಾರ್ಗದರ್ಶಿ ಕಾಲೇಜಿನ ಮೂಲಕವೇ, ವಿಭಾಗದ ಅಧ್ಯಾಪಕರಿಗೆ ತಿಳಿಸಿಯೇ ಬರಬೇಕು.

ವಿಜ್ಞಾನದಲ್ಲಿ ಕೆಲಸವೇ ಇಲ್ಲದಿರುವಾಗ ಹಳ್ಳಿಯ ಮಕ್ಕಳಿಗೆ ಪಿಎಚ್.ಡಿ. ಕನಸು ಮಾರುವುದು ಎಷ್ಟು ಸರಿ ಎಂದು ಕೇಳುವವರೂ ಇದ್ದಾರೆ. ಸರಿಯಲ್ಲ. ಅದಕ್ಕೇ ಮಾರ್ಗದರ್ಶಿ ಬೇಕು ಎನ್ನುತ್ತಿದ್ದೇನೆ. ಕೋಚಿಂಗ್ ಕೇಂದ್ರ ತನ್ನ ಕೋರ್ಸನ್ನು ಮಾರಬೇಕು, ಖಾಸಗಿ ಕಾಲೇಜು ತನ್ನ ಸೀಟನ್ನು ತುಂಬಬೇಕು. ವಿದ್ಯಾರ್ಥಿಯಿಂದ ಏನೂ ಬೇಡದವರು ಮಾತ್ರ ನಿಜ ಹೇಳಬಲ್ಲರು. ಪಿಎಚ್.ಡಿ. ಎಂದರೆ ಐದಾರು ವರ್ಷ, ಅದರ ಮೇಲೆ ಪೋಸ್ಟ್‌ಡಾಕ್ ಅಲೆದಾಟ, ಕೊನೆಗೂ ಅಧ್ಯಾಪಕ ಹುದ್ದೆ ಖಾತ್ರಿಯಿಲ್ಲ ಎಂಬುದನ್ನು ಮೊದಲ ತಿಂಗಳಲ್ಲೇ ಹೇಳಬೇಕು. ಫೆಲೋಶಿಪ್ ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ ಎಂಬುದನ್ನೂ ಹೇಳಬೇಕು. ಮನೆಗೆ ಕೂಡಲೇ ಸಂಬಳ ಬೇಕಾಗಿರುವ ಹುಡುಗನಿಗೆ ಕೆಲಸಕ್ಕೆ ಸೇರಿ ಆಮೇಲೆ ಓದುವ ದಾರಿ ಇದೆ, ಅದರಲ್ಲಿ ಕೀಳರಿಮೆ ಪಡುವಂಥದ್ದೇನೂ ಇಲ್ಲ. ವಿಜ್ಞಾನ ತನಗೆ ಒಗ್ಗದು ಎಂದು ವರ್ಷದ ಕೊನೆಗೆ ವಿದ್ಯಾರ್ಥಿನಿ ತಿಳಿದುಕೊಂಡು ಬೇರೆ ಕಡೆ ಹೋದರೆ, ಅದನ್ನೂ ಒಳ್ಳೆಯ ಮಾರ್ಗದರ್ಶನದ ಲೆಕ್ಕಕ್ಕೇ ಬರೆಯಬೇಕು.

ಉತ್ಸಾಹದಿಂದ ಹೆಸರು ಕೊಡುವವರಿಗೆ ಒಂದು ಎಚ್ಚರಿಕೆಯ ಮಾತೂ ಇದೆ, ಏಕೆಂದರೆ ಅರ್ಧಕ್ಕೆ ಬಿಟ್ಟ ಮಾರ್ಗದರ್ಶನ ಹಾನಿ ಮಾಡುತ್ತದೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಹದಿಹರೆಯದವರ ಮೇಲಿನ ಅಧ್ಯಯನದಲ್ಲಿ ಕಂಡದ್ದು ಇದು: ವರ್ಷ ಅಥವಾ ಹೆಚ್ಚು ಕಾಲ ಉಳಿದ ಸಂಬಂಧಗಳಿಂದ ಒಳ್ಳೆಯದಾಯಿತು, ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲಿನ ಗೌರವವೇ ಕುಗ್ಗಿತ್ತು. ಮೊದಲೇ ಅಳುಕುವ ಹುಡುಗಿಗೆ ನಾಲ್ಕು ಸಲ ಮಾತಾಡಿ ಆಮೇಲೆ ಫೋನ್ ಎತ್ತದವರು ‘ನೀನು ಇಷ್ಟಕ್ಕೇ ಸರಿ’ ಎಂದು ಹೇಳಿದಂತೆಯೇ. ವಾರಕ್ಕೊಮ್ಮೆ ಎಂದು ಮಾತು ಕೊಟ್ಟು ತಪ್ಪುವುದಕ್ಕಿಂತ ತಿಂಗಳಿಗೊಮ್ಮೆ ಎಂದು ಹೇಳಿ ನಡೆಸುವುದು ಮೇಲು. ತನ್ನ ದಾರಿಯನ್ನೇ ಅವರ ಮೇಲೆ ಹೇರುವುದು, ಹಣ ಕೊಡುವುದು, ಕಾಲೇಜಿಗೆ ತಿಳಿಯದಂತೆ ಭೇಟಿ ಮಾಡುವುದು ಸಲ್ಲದು.

ಭಾಷೆಯ ಬಗ್ಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರು ಬಿ.ಎಸ್ಸಿ.ಯಲ್ಲೂ ಆ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಂಡಿರುವುದಿಲ್ಲ. ಜಾಮ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ, ಸಂದರ್ಶನ ಇಂಗ್ಲಿಷಿನಲ್ಲಿ, ಬೇಸಿಗೆ ಫೆಲೋಶಿಪ್ಪಿಗೆ ‘ಏನು ಮಾಡಬೇಕೆಂದಿದ್ದೀರಿ’ ಎಂದು ಬರೆದುಕೊಡಬೇಕಾದ ಬರಹವೂ ಇಂಗ್ಲಿಷಿನಲ್ಲಿ. ಇಂಥವರ ಜೊತೆ ಮೊದಲು ಕನ್ನಡದಲ್ಲಿ ಮಾತಾಡಬೇಕು. ತನಗೆ ಯಾವ ಪ್ರಯೋಗ ಇಷ್ಟವಾಯಿತು, ಏಕೆ, ಎಲ್ಲಿ ತಪ್ಪಿತು ಎಂದು ಕನ್ನಡದಲ್ಲಿ ನಿರರ್ಗಳವಾಗಿ ಹೇಳಬಲ್ಲ ಹುಡುಗ, ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ‘ಐ ಆ್ಯಮ್ ಇಂಟರೆಸ್ಟೆಡ್ ಇನ್ ರಿಸರ್ಚ್’ ಎಂದು ನಿಲ್ಲಿಸುತ್ತಾನೆ. ಕನ್ನಡದಲ್ಲಿ ಹೇಳಿದ್ದನ್ನು ಬರೆಸಿ, ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಂದರೆ ಆ ಬರಹದಲ್ಲಿ ಅವನೇ ಇರುತ್ತಾನೆ. ಈ ಕೆಲಸವನ್ನು ಕನ್ನಡ ಬಲ್ಲ ವಿಜ್ಞಾನದವರು ಬಿಟ್ಟು ಬೇರೆ ಯಾರೂ ಮಾಡಲಾರರು. ಅಂಥವರು ಬೆಂಗಳೂರಿನಲ್ಲಷ್ಟೇ ಅಲ್ಲ, ಪುಣೆ, ಹೈದರಾಬಾದಿನಲ್ಲಿದ್ದಾರೆ, ಅಮೆರಿಕ, ಜರ್ಮನಿಯಲ್ಲಿದ್ದಾರೆ. ತಿಂಗಳಿಗೊಂದು ಫೋನ್ ಕರೆಗೆ ದೂರ ಅಡ್ಡಿಯಲ್ಲ.

ವಿಜ್ಞಾನ ಓದಿ ಕೆಲಸದಲ್ಲಿರುವ ಓದುಗರು ನೀವಾಗಿದ್ದರೆ, ನೀವು ಓದಿದ ಕಾಲೇಜಿಗೆ ಈ ವಾರವೇ ಒಂದು ಪತ್ರ ಬರೆಯಿರಿ. ನಿಮ್ಮ ವಿಷಯದ ವಿಭಾಗದ ಮುಖ್ಯಸ್ಥರ ಹೆಸರಿಗೆ, ನಾಲ್ಕೇ ಸಾಲು: ನಾನು ಇಂಥಲ್ಲಿ ಇಂಥ ಕೆಲಸ ಮಾಡುತ್ತೇನೆ, ಐದನೇ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿಗೆ ಒಂದು ವರ್ಷ, ತಿಂಗಳಿಗೆ ಎರಡು ಗಂಟೆ ಕೊಡಬಲ್ಲೆ. ಜಾಮ್ ಅರ್ಜಿ ಸೆಪ್ಟೆಂಬರಿನಲ್ಲಿ ತೆರೆಯುತ್ತದೆ. ಪ್ರಮಾಣಪತ್ರ ಮಾಡಿಸಲು ಅದಕ್ಕೂ ಮೊದಲು ಒಂದು ತಿಂಗಳು ಬೇಕು.